ಕಾನಸೇನರ ಚರಿತ್ರೆ

ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಹೇಳಿದವನಿಗೆ ಒಂದು ಕೊರಗು ಉಳಿದುಬಿಟ್ಟಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ ದೊರೆಗಳಿದ್ದರು, ದಂಡನಾಯಕರಿದ್ದರು. ಆಸ್ಥಾನದಲ್ಲಿ ಹಾಡಿದ ವಿದ್ವಾಂಸರ ಹೆಸರುಗಳೂ ಪ್ರಕರಣದ ಕೊನೆಯಲ್ಲಿ ಒಂದು ಸಾಲಿನಷ್ಟು ಬರುತ್ತಿದ್ದವು. ಆದರೆ ಆ ವಿದ್ವಾಂಸರ ಎದುರು ಕುಳಿತು ತಲೆದೂಗಿದವರು ಯಾರು, ಕಚೇರಿ ಮುಗಿದ ಮೇಲೆ ಕತ್ತಲೆಯ ದಾರಿಯಲ್ಲಿ ನಡೆಯುತ್ತ ಏನೇನು ವಾದ ಮಾಡಿಕೊಂಡರು, ಯಾವುದನ್ನು ಮೆಚ್ಚಿದರು, ಯಾವುದಕ್ಕೆ ಮುಖ ಸಿಂಡರಿಸಿದರು ಎಂಬುದು ಎಲ್ಲಿಯೂ ದೊರೆಯುತ್ತಿರಲಿಲ್ಲ. ಆಟದ ಚರಿತ್ರೆಯೂ ಹಾಗೆಯೇ. ಸ್ಕೋರು ಉಳಿಯುತ್ತದೆ, ಸ್ಕೋರನ್ನು ಕೇಳಲು ಪಾರ್ಕಿನ ರೇಡಿಯೋ ಕಟ್ಟೆಯ ಸುತ್ತ ನಿಂತಿದ್ದ ಇನ್ನೂರು ಜನ ಉಳಿಯುವುದಿಲ್ಲ.

ಹುಬ್ಬಳ್ಳಿ-ಧಾರವಾಡದ ಕಡೆ ಒಂದು ಮಾತು ಬಳಕೆಯಲ್ಲಿದೆ. ತಾನಸೇನನಾಗುವುದು ಎಲ್ಲರಿಗೂ ಸಾಧ್ಯವಿಲ್ಲ, ಕಾನಸೇನನಾದರೂ ಆಗಬೇಕು ಎಂದು. ಕಾನ ಎಂದರೆ ಕಿವಿ. ಈ ಮಾತನ್ನು ನನಗೆ ಮೊದಲು ಹೇಳಿದವರು ನನ್ನ ಸೋದರಮಾವ. ಅವರ ಕುರಿತು ಮುಂದೆ ಬರೆಯುತ್ತೇನೆ. ಈ ಲೇಖನ ನಮ್ಮ ನಾಡಿನ ಕಾನಸೇನರ ಒಂದು ಸಣ್ಣ ಚರಿತ್ರೆ. ಆಧಾರ ನನ್ನ ನೋಟುಪುಸ್ತಕಗಳು. 1963ರಿಂದ, ಎಂದರೆ ನನ್ನ ಹದಿನೈದನೆಯ ವಯಸ್ಸಿನಿಂದ, ಕೇಳಿದ ಸಂಗೀತವನ್ನೂ ಕೇಳಿದ ಮತ್ತು ನೋಡಿದ ಪಂದ್ಯಗಳನ್ನೂ ಒಂದೇ ಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದೇನೆ. ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಮೇಜಿನ ಮೇಲೆ ಹಾಜರಿ ಪುಸ್ತಕದ ಕೆಳಗಿರುತ್ತಿದ್ದ ನೀಲಿ ರಟ್ಟಿನ ಪುಸ್ತಕ ನೆನಪಿರಬಹುದು. ಅದು ಪಾಠದ ಟಿಪ್ಪಣಿ ಎಂದು ನೀವೆಲ್ಲ ನಂಬಿದ್ದಿರಿ. ನಾನೂ ಆ ನಂಬಿಕೆಯನ್ನು ಕದಲಿಸಲು ಹೋಗಲಿಲ್ಲ.

ಹಳೆಯ ಮೈಸೂರಿನಲ್ಲಿ ಸಂಗೀತವೆಂದರೆ ಮೊದಲು ಅರಮನೆಯದು. ಅಲ್ಲಿ ಕೇಳುಗನಿಗೆ ಅಭಿಪ್ರಾಯವಿರುವುದಕ್ಕೆ ಅವಕಾಶ ಕಡಿಮೆ. ಪ್ರಭುಗಳು ತಲೆದೂಗಿದರೆ ಸಭೆಯೆಲ್ಲ ತಲೆದೂಗಬೇಕು. ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದಾಗ ಸಂಗೀತ ಅರಮನೆಯ ಬಾಗಿಲು ದಾಟಿ ಬೀದಿಗೆ ಹತ್ತಿರ ಬಂತು. ಅವರ ಶಿಷ್ಯ ಪಿಟೀಲು ಚೌಡಯ್ಯನವರ ಕಥೆ ಇನ್ನೂ ಸ್ವಾರಸ್ಯಕರ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವನಿಗೂ ನಾದ ತುಂಬಿ ಕೇಳಿಸಲೆಂದು ಅವರು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಕಟ್ಟಿದರು. ಅದನ್ನು ಒಪ್ಪದ ಹಿರಿಯರೂ ಇದ್ದರು. ನನಗೆ ಮಾತ್ರ ಆ ಏಳು ತಂತಿಗಳಲ್ಲಿ ಹಿಂದಿನ ಸಾಲಿನ ಕೇಳುಗನಿಗೆ ಸಿಕ್ಕಿದ ಮೊದಲ ಗೌರವ ಕಾಣಿಸುತ್ತದೆ. ಹೆಸರಿಲ್ಲದ ಆ ಮನುಷ್ಯನಿಗಾಗಿ ಒಂದು ವಾದ್ಯವೇ ಬದಲಾಯಿತು. 1980ರಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಚೌಡಯ್ಯ ಸ್ಮಾರಕ ಭವನ ಎದ್ದು ನಿಂತದ್ದು ನಿಮಗೆಲ್ಲ ಗೊತ್ತಿದೆ.

ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಶ್ರೀರಾಮಸೇವಾ ಮಂಡಲಿ ಆರಂಭವಾಯಿತು. ಅದರ ರಾಮನವಮಿ ಸಂಗೀತೋತ್ಸವ ಬಹುಕಾಲ ನಡೆದುಬಂದದ್ದು ಕೋಟೆ ಪ್ರೌಢಶಾಲೆಯ ಬಯಲಿನಲ್ಲಿ. ಹಗಲು ಹುಡುಗರು ಆಡುವ ನೆಲದ ಮೇಲೆ ಚಪ್ಪರ ಹಾಕಿ, ಸಂಜೆ ಅಲ್ಲಿ ಚೆಂಬೈ, ಸೆಮ್ಮಂಗುಡಿ, ಎಂ. ಎಸ್. ಸುಬ್ಬುಲಕ್ಷ್ಮಿಯವರಂಥವರ ಗಾಯನ. ಟಿಕೆಟ್ಟಿಗೆ ಹಣವಿಲ್ಲದವರು ಹೊರಗಿನ ರಸ್ತೆಯಲ್ಲಿ ನಿಂತೋ ಕುಳಿತೋ ಕೇಳುತ್ತಿದ್ದರು. ಶಿಕ್ಷಕರ ತರಬೇತಿಗೆಂದು ಬೆಂಗಳೂರಿನಲ್ಲಿದ್ದ ವರ್ಷ ನಾನೂ ಆ ರಸ್ತೆಯ ಸಭಾಸದನಾಗಿದ್ದೆ. ಒಳಗಿದ್ದವರಿಗಿಂತ ರಸ್ತೆಯವರ ವಿಮರ್ಶೆ ನಿಷ್ಠುರ ಎಂಬುದು ನನ್ನ ಅನುಭವ. ಹಣ ಕೊಟ್ಟು ಬಂದವನಿಗೆ ಕಚೇರಿ ಚೆನ್ನಾಗಿಲ್ಲವೆಂದು ಒಪ್ಪಿಕೊಳ್ಳುವುದು ಕಷ್ಟ.

ಆದರೆ ನನ್ನಂಥ ಬೀರೂರಿನ ಹುಡುಗನನ್ನು ಕಾನಸೇನನನ್ನಾಗಿ ಮಾಡಿದ್ದು ಅರಮನೆಯೂ ಅಲ್ಲ, ಮಂಡಲಿಯೂ ಅಲ್ಲ, ರೇಡಿಯೋ. ಈ ವಿಷಯದಲ್ಲಿ ನಾವು ಕನ್ನಡಿಗರು ಹೆಮ್ಮೆಪಡುವಂಥದ್ದು ಒಂದಿದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದರು. ಅದರ ಹೆಸರು ಆಕಾಶವಾಣಿ. ಆ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಹೆಸರಾಯಿತು. ಮೈಸೂರಿನ ನಿಲಯ 1955ರಲ್ಲಿ ಬೆಂಗಳೂರಿಗೆ ಬಂತು. ಅದಕ್ಕೂ ಮೊದಲೇ, 1950ರಲ್ಲಿ, ಧಾರವಾಡದಲ್ಲಿ ನಿಲಯವಾಗಿತ್ತು. ಬೀರೂರು ಎರಡರ ನಡುವಿನ ಊರು. ಮುಳ್ಳನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದರೆ ಕರ್ನಾಟಕ ಸಂಗೀತ, ಇನ್ನೊಂದು ಕೂದಲೆಳೆ ತಿರುಗಿಸಿದರೆ ಹಿಂದೂಸ್ತಾನಿ. ನಮ್ಮ ತಂದೆಯವರು ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. ರೇಡಿಯೋ ಕೇಳಲು ಸರ್ಕಾರಕ್ಕೆ ಶುಲ್ಕ ಕಟ್ಟಬೇಕಾಗಿತ್ತು ಎಂದರೆ ಇಂದಿನ ಮಕ್ಕಳು ನಗುತ್ತಾರೆ. 1980ರ ದಶಕದಲ್ಲಿ ಅದು ರದ್ದಾಯಿತು.

ಇಲ್ಲಿ ಒಬ್ಬ ಮಂತ್ರಿಯವರನ್ನು ನೆನೆಯದೆ ಮುಂದೆ ಹೋಗಲಾರೆ. ಬಿ. ವಿ. ಕೇಸ್ಕರ್ ಅವರು 1952ರಿಂದ 1962ರವರೆಗೆ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದವರು. ಶಾಸ್ತ್ರೀಯ ಸಂಗೀತದಲ್ಲಿ ಅವರಿಗಿದ್ದ ಶ್ರದ್ಧೆ ನಿಜವಾದದ್ದು. ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಅವರ ಕಾಲದ ಕೊಡುಗೆ. ನನ್ನ ಸಂಗೀತಜ್ಞಾನದ ಅರ್ಧಪಾಲು ಅದರಿಂದ ಬಂದದ್ದು. ಆದರೆ ಸಿನಿಮಾ ಹಾಡು ಕೇಳಿದರೆ ಜನರ ಅಭಿರುಚಿ ಕೆಡುತ್ತದೆಂದು ಅವರು ಆಕಾಶವಾಣಿಯಿಂದ ಅದನ್ನು ಹೆಚ್ಚುಕಡಿಮೆ ಹೊರಗಟ್ಟಿದರು. ಆಗ ಆದದ್ದೇನು? ಇಡೀ ದೇಶ ಮುಳ್ಳನ್ನು ರೇಡಿಯೋ ಸಿಲೋನಿಗೆ ತಿರುಗಿಸಿತು. 1952ರಲ್ಲಿ ಆರಂಭವಾದ ಬಿನಾಕಾ ಗೀತಮಾಲಾದ ಅಮೀನ್ ಸಯಾನಿಯವರ ಧ್ವನಿ ಬುಧವಾರ ರಾತ್ರಿಗಳನ್ನು ಆಳಿತು. ಕೊನೆಗೆ 1957ರಲ್ಲಿ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ಹಾರ್ಮೋನಿಯಮ್ಮಿಗೆ 1940ರಿಂದಲೇ ಬಾನುಲಿಯಲ್ಲಿ ಪ್ರವೇಶವಿರಲಿಲ್ಲ. ಆ ನಿಷೇಧ ಇವರ ಕಾಲದಲ್ಲಿಯೂ ಮುಂದುವರಿಯಿತು. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥ ಹಾರ್ಮೋನಿಯಂ ವಾದಕರಿದ್ದ ನಾಡಿನಲ್ಲಿ ಇದೆಂಥ ನ್ಯಾಯವೋ.

ಸ್ವಾರಸ್ಯ ಇಲ್ಲಿಗೆ ಮುಗಿಯುವುದಿಲ್ಲ. ಇದೇ ಕೇಸ್ಕರರು ಸ್ವಾತಂತ್ರ್ಯಕ್ಕೆ ಮೊದಲು ಕ್ರಿಕೆಟ್ ಬಗ್ಗೆಯೂ ಭವಿಷ್ಯ ನುಡಿದಿದ್ದರು. ಅದು ಇಂಗ್ಲಿಷರ ಸಂಸ್ಕೃತಿಯ ಗಿಡ, ಅವರ ಆಳ್ವಿಕೆ ಹೋದ ಮೇಲೆ ಈ ನೆಲದಲ್ಲಿ ಬದುಕಲಾರದು ಎಂಬುದು ಅವರ ವಾದ. ಆದರೆ ಅವರು ಮಂತ್ರಿಯಾಗಿದ್ದ ಆಕಾಶವಾಣಿಯ ತರಂಗಗಳ ಮೇಲೆಯೇ ಆ ಆಟ ಹಳ್ಳಿಹಳ್ಳಿಗೆ ತಲುಪಿತು. ಸಂಗೀತವನ್ನು ಪ್ರೀತಿಸುತ್ತಿದ್ದರು, ಸರಿ. ಜನರ ಕಿವಿಯ ಮೇಲೆ ಮಾತ್ರ ಅವರಿಗೆ ವಿಶ್ವಾಸವಿರಲಿಲ್ಲ. ನಮ್ಮ ಮನೆಯ ಮರ್ಫಿ ರೇಡಿಯೋ ಬೆಳಿಗ್ಗೆ ತ್ಯಾಗರಾಜರನ್ನೂ ಹಗಲು ಕ್ರಿಕೆಟ್ಟನ್ನೂ ರಾತ್ರಿ ಲತಾ ಮಂಗೇಶ್ಕರರನ್ನೂ ಒಂದೇ ನಿಷ್ಠೆಯಿಂದ ಹಾಡಿಸುತ್ತಿತ್ತು. ಒಂದು ಇನ್ನೊಂದನ್ನು ಕೆಡಿಸಿದ್ದನ್ನು ನಾನು ಕಾಣೆ.

ಇನ್ನು ಸೋದರಮಾವನವರ ವಿಷಯ. ಅವರು ಹುಬ್ಬಳ್ಳಿಯಲ್ಲಿ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಮೈಸೂರು ಸೀಮೆಯಲ್ಲಿ ಹುಟ್ಟಿ ಬೆಳೆದವರು. ಹುಬ್ಬಳ್ಳಿಗೆ ವರ್ಗವಾದ ಎರಡೇ ವರ್ಷಕ್ಕೆ ಕರ್ನಾಟಕ ಸಂಗೀತವನ್ನು ಬಿಟ್ಟು ಖಯಾಲಿಗೆ ಒಲಿದರು. ಅಜ್ಜಿಗೆ ಇದು ಮತಾಂತರದಷ್ಟೇ ದುಃಖದ ಸಂಗತಿಯಾಗಿತ್ತು. ಬೇಸಿಗೆ ರಜೆಯಲ್ಲಿ ನಾನು ಅವರ ಮನೆಗೆ ಹೋದರೆ, ಸಂಗೀತವಿರುವ ಕಡೆಗೆಲ್ಲ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಕುಂದಗೋಳದ ನಾಡಿಗೇರ ವಾಡೆಯ ಅಹೋರಾತ್ರಿ ಸಂಗೀತವನ್ನು ನಾನು ಮೊದಲು ಕೇಳಿದ್ದು ಅವರ ಪಕ್ಕದಲ್ಲಿ, ಅವರ ಧೋತರದ ಸೆರಗನ್ನೇ ಹೊದ್ದುಕೊಂಡು.

ಕುಂದಗೋಳಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗುವಾಗಲೆಲ್ಲ ಮಾವ ಒಂದೇ ಮಾತು ಹೇಳುತ್ತಿದ್ದರು: "ನೋಡೋ, ಇದೇ ದಾರಿಯಲ್ಲಿ ಗಂಗೂಬಾಯಿ ದಿನಾ ಹೋಗಿ ಪಾಠ ಹೇಳಿಸ್ಕೊಂಡು ಬರ್ತಿದ್ರು. ಟಿಕೆಟ್ ತಗೊಂಡು ಕೂತ ನಮಗೇನು ಕಷ್ಟ?" ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರ ಬಳಿ ಕಲಿಯಲು ಹುಬ್ಬಳ್ಳಿಯಿಂದ ಹಾಗೆ ರೈಲಿನಲ್ಲಿ ಓಡಾಡಿದವರು. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ಧ್ವನಿ ಗಂಡುಧ್ವನಿಯಂತೆ ಇಳಿಯಿತು; ಆ ಧ್ವನಿಯಿಂದಲೇ ಅವರು ಹೊಸ ಸಂಗೀತವನ್ನು ಕಟ್ಟಿದರು. ನಮ್ಮ ಅಮ್ಮನಿಗೆ ರಾಗಗಳ ಹೆಸರು ಗೊತ್ತಿರಲಿಲ್ಲ. ಧಾರವಾಡ ಕೇಂದ್ರದಿಂದ ಗಂಗೂಬಾಯಿಯವರ ಗಾಯನ ಬರುತ್ತಿದ್ದಾಗ ಒಮ್ಮೆ ನಾನು ರೇಡಿಯೋ ನಿಲ್ಲಿಸಲು ಹೋದೆ, ಊಟಕ್ಕೆ ಹೊತ್ತಾಗಿತ್ತು. ಅಮ್ಮ ಅಡಿಗೆಮನೆಯಿಂದ, "ಇರಲಿ ಬಿಡೋ. ಮನೆಯೊಂದನ್ನು ಒಬ್ಬಳೇ ಹೊತ್ತವಳ ಧ್ವನಿ ಅದು" ಎಂದರು. ನನ್ನ ನೋಟುಪುಸ್ತಕದಲ್ಲಿ 1966ರ ಆ ದಿನದ ಕೆಳಗೆ ಈ ಮಾತಿದೆ. ಅನಂತರ ಗಂಗೂಬಾಯಿಯವರ ಬಗ್ಗೆ ಪಂಡಿತರು ಬರೆದ ಎಷ್ಟೋ ಲೇಖನಗಳನ್ನು ಓದಿದ್ದೇನೆ. ಅಮ್ಮನ ಮಾತಿನಷ್ಟು ಹತ್ತಿರ ಹೋದದ್ದು ಕಡಿಮೆ.

ಮಾವನವರ ದೈವ ಮಲ್ಲಿಕಾರ್ಜುನ ಮನ್ಸೂರರು. ನನ್ನದು ಭೀಮಸೇನ ಜೋಶಿಯವರು. ಈ ವಿಷಯದಲ್ಲಿ ನಮ್ಮಿಬ್ಬರ ನಡುವೆ ಇಪ್ಪತ್ತು ವರ್ಷ ಒಂದು ವ್ಯಾಜ್ಯ ನಡೆಯಿತು. ಮನ್ಸೂರರು ಪೀಠಿಕೆಯಿಲ್ಲದೆ ನೇರವಾಗಿ ಬಂದೀಶಿಗೆ ಇಳಿಯುತ್ತಿದ್ದರು. ಶುದ್ಧ ನಟ್, ಖಟ್, ಬಹಾದ್ದೂರಿ ತೋಡಿ, ಹೀಗೆ ಬೇರೆಯವರು ಮುಟ್ಟಲು ಅಂಜುವ ರಾಗಗಳು ಅವರಿಗೆ ಹಿತ್ತಲ ಗಿಡಗಳು. ಭೀಮಸೇನರು ಮಿಯಾ ಮಲ್ಹಾರವನ್ನೋ ದರಬಾರಿಯನ್ನೋ ಎತ್ತಿಕೊಂಡರೆ ಮೋಡ ಕಟ್ಟಿ, ಗುಡುಗಿ, ಸುರಿದು, ಹೊಳಪಾಗುವವರೆಗೆ ಬಿಡುತ್ತಿರಲಿಲ್ಲ. "ನಿಮ್ಮವರು ಮಳೆ ಕಣೋ, ನಮ್ಮವರು ಬಾವಿ" ಎಂದು ಮಾವ ಹೇಳಿದ್ದರು. ನಾನು ಅದಕ್ಕೆ, ಬಾವಿಗೂ ಮಳೆಯೇ ನೀರು ಕೊಡಬೇಕಲ್ಲ ಮಾವ ಎಂದದ್ದಕ್ಕೆ ಎರಡು ದಿನ ಮಾತುಬಿಟ್ಟಿದ್ದರು.

ಕಾನಸೇನರಿಗೂ ತಾನಸೇನರಿಗೂ ನಡುವೆ ನಾವು ಎಳೆಯುವ ಗೆರೆ ಅಷ್ಟು ಗಟ್ಟಿಯಾದದ್ದಲ್ಲ. ಗದುಗಿನ ಬಾಲಕ ಭೀಮಸೇನ ಅಬ್ದುಲ್ ಕರೀಂ ಖಾನರ ಜಿಂಝೋಟಿಯ ಠುಮರಿಯನ್ನು ಗ್ರಾಮಫೋನ್ ತಟ್ಟೆಯಲ್ಲಿ ಕೇಳಿ ಹುಚ್ಚು ಹಿಡಿದು, 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಅರಸಿ ಮನೆ ಬಿಟ್ಟು ಹೋದದ್ದು. ಆ ತಟ್ಟೆಯ ಒಂದು ಮಗ್ಗುಲಿನ ಆಯಸ್ಸು ಮೂರು ನಿಮಿಷ ಮಾತ್ರ. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೋಮಕಲಿಮಠನೆಂಬ ಹುಡುಗ ದೊಡ್ಡ ದೊಡ್ಡ ಗವಾಯಿಗಳ ತಟ್ಟೆಗಳನ್ನು ಕೇಳಿ ಹಾಗೆಯೇ ಹಾಡಿ ತೋರಿಸುತ್ತಿದ್ದ. ಆತ ಕುಮಾರ ಗಂಧರ್ವರಾದದ್ದು ಅನಂತರ. ಅವರಿಬ್ಬರೂ ಮೊದಲು ಅಭಿಮಾನಿಗಳು. ಅಬ್ದುಲ್ ಕರೀಂ ಖಾನರೇ ಮೈಸೂರಿನ ಕಡೆ ಬಂದು ನಮ್ಮ ಸಂಗೀತಕ್ಕೆ ಮನಸೋತು, ತ್ಯಾಗರಾಜರ ಕೃತಿಯನ್ನು ತಟ್ಟೆಗೆ ಹಾಡಿದವರು.

ಆಟದಲ್ಲಿಯೂ ಇದು ನಿಜವೆಂಬುದಕ್ಕೆ ಇಬ್ಬರ ಉದಾಹರಣೆ ಸಾಕು. ನಮ್ಮ ಮೈಸೂರಿನ ಬಿ. ಎಸ್. ಚಂದ್ರಶೇಖರ್ ಪೋಲಿಯೋದಿಂದ ಬಡವಾದ ಬಲಗೈಯಲ್ಲಿಯೇ 58 ಟೆಸ್ಟುಗಳಲ್ಲಿ 242 ವಿಕೆಟ್ ಪಡೆದವರು. ಬ್ಯಾಟಿಂಗಿನಲ್ಲಿ ಅವರು ಗಳಿಸಿದ ಒಟ್ಟು ಓಟ 167. ಅವರು ಮುಕೇಶರ ಕಟ್ಟಾ ಅಭಿಮಾನಿ. ಬೌಲಿಂಗಿನಲ್ಲಿ ಲಯ ಸಿಗದೆ ಅವರು ಕುಗ್ಗಿದಂತೆ ಕಂಡರೆ ಸುನಿಲ್ ಗಾವಸ್ಕರ್ ಮೈದಾನದಲ್ಲಿಯೇ ಮುಕೇಶರ ಹಾಡೊಂದನ್ನು ಗುನುಗುತ್ತ ಅವರ ಪಕ್ಕದಲ್ಲಿ ಹಾದುಹೋಗುತ್ತಿದ್ದರಂತೆ. ಟೆಸ್ಟ್ ಪಂದ್ಯದ ನಡುವೆ ಮುಕೇಶ್! ಕೇಸ್ಕರರು ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ. ಇನ್ನೊಬ್ಬರು ಸ್ವತಃ ಗಾವಸ್ಕರ್. ಮಗನಿಗೆ ಅವರಿಟ್ಟ ಹೆಸರು ರೋಹನ್ ಜೈವಿಶ್ವ. ರೋಹನ್ ಕನ್ಹಾಯ್, ಜೈಸಿಂಹ ಮತ್ತು ನಮ್ಮ ವಿಶ್ವನಾಥ್, ಮೂವರೂ ಆ ಒಂದು ಹೆಸರಿನಲ್ಲಿದ್ದಾರೆ. ಟೆಸ್ಟಿನಲ್ಲಿ ಮೊದಲು ಹತ್ತು ಸಾವಿರ ಓಟ ಗಳಿಸಿದವರು ಮಗನ ಹೆಸರಿನಲ್ಲಿ ತಮ್ಮ ಅಭಿಮಾನವನ್ನು ಬರೆದಿಟ್ಟರೆ, ನಾನು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದಿಟ್ಟದ್ದರಲ್ಲಿ ನಾಚಿಕೆಪಡಬೇಕಾದದ್ದೇನೂ ಇಲ್ಲ.

ಜಿ. ಆರ್. ವಿಶ್ವನಾಥ್ ಭದ್ರಾವತಿಯವರು. ಬೀರೂರಿನಿಂದ ಶಿವಮೊಗ್ಗದ ರೈಲು ಹತ್ತಿದರೆ ತರೀಕೆರೆ ದಾಟಿ ಭದ್ರಾವತಿ. ಹೀಗಾಗಿ ಅವರು ನಮ್ಮೂರಿನವರೆಂದು ನಾವು ತೀರ್ಮಾನಿಸಿಕೊಂಡಿದ್ದೆವು. 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಸೊನ್ನೆಯ ದಿನ ನಮ್ಮ ಊರಿನ ಹೋಟೆಲಿನಲ್ಲಿ, ಹುಡುಗನನ್ನು ಆರಿಸಿದವರಿಗೆ ಬುದ್ಧಿಯಿಲ್ಲ ಎಂದು ಗುಡುಗಿದ ಮಹನೀಯರೇ ನೂರರ ದಿನ ಎಲ್ಲರಿಗೂ ಕಾಫಿ ಕೊಡಿಸಿದರು. ವಿಶ್ವನಾಥರ ಸ್ಕ್ವೇರ್ ಕಟ್ ಕುರಿತು ನನ್ನ ಪುಸ್ತಕಗಳಲ್ಲಿ ಪುಟಗಟ್ಟಲೆ ಇದೆ. ಒಂದು ಅಂಕಿ ಮಾತ್ರ ಇಲ್ಲಿ ಹೇಳುತ್ತೇನೆ. ಅವರ ಹದಿನಾಲ್ಕು ಟೆಸ್ಟ್ ಶತಕಗಳಲ್ಲಿ ಒಂದರಲ್ಲಿಯೂ ಭಾರತ ಸೋಲಲಿಲ್ಲ. ಆದರೂ ಎಲ್ಲಕ್ಕಿಂತ ದೊಡ್ಡದು ಶತಕವೇ ಆಗದ ಒಂದು ಆಟ. 1975ರ ಜನವರಿಯಲ್ಲಿ ಮದರಾಸಿನಲ್ಲಿ ಆಂಡಿ ರಾಬರ್ಟ್ಸ್ 64 ಓಟಕ್ಕೆ ಏಳು ವಿಕೆಟ್ ಕಿತ್ತಾಗ, ಭಾರತದ ಒಟ್ಟು 190ರಲ್ಲಿ ವಿಶ್ವನಾಥರದು ಔಟಾಗದೆ 97. ಜೊತೆಗಾರರು ಮುಗಿದುಹೋದರು. ಮೂರು ಓಟಗಳ ಆ ಕೊರತೆಯನ್ನು ಯಾರಾದರೂ ತುಂಬಿಸಿಕೊಡುತ್ತೇನೆಂದರೂ ನಾನು ಬೇಡವೆನ್ನುತ್ತೇನೆ.

1971ರ ಆಗಸ್ಟ್ 24 ನನ್ನ ಎರಡೂ ಮೋಹಗಳು ಒಂದೇ ಚಪ್ಪರದಡಿ ಸೇರಿದ ದಿನ. ಅಂದು ಗಣೇಶ ಚತುರ್ಥಿ. ಹಿಂದಿನ ದಿನ ಲಂಡನ್ನಿನ ಓವಲ್ ಮೈದಾನದಲ್ಲಿ ಚಂದ್ರಶೇಖರ್ 38 ಓಟಕ್ಕೆ ಆರು ವಿಕೆಟ್ ತೆಗೆದು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ್ದರು. ಗೆಲ್ಲಲು ಬೇಕಾದದ್ದು 173. ನಾನು ಆಗತಾನೇ ಕೆಲಸಕ್ಕೆ ಸೇರಿದ್ದ ಊರಿನಲ್ಲಿ ಅಂದು ಸಂಜೆ ಗಣಪತಿ ಚಪ್ಪರದಲ್ಲಿ ಗಾಯನ ಕಚೇರಿ. ಗಾಯಕರು ಕಲ್ಯಾಣಿಯ ಆಲಾಪನೆಯಲ್ಲಿದ್ದಾರೆ. ಚಪ್ಪರದ ಹಿಂದೆ ಸಕ್ಕರೆ ವ್ಯಾಪಾರಿಯೊಬ್ಬರ ಟ್ರಾನ್ಸಿಸ್ಟರಿನಲ್ಲಿ ಕಿರುತರಂಗದ ಅಲೆ ಏರಿಳಿಯುತ್ತಿದೆ. ವಿಶ್ವನಾಥ್ 33ಕ್ಕೆ ಔಟಾದರೆಂಬ ಸುದ್ದಿ ಸಾಲಿನಿಂದ ಸಾಲಿಗೆ ದಾಟಿ ಮುಂದೆ ಹೋದಾಗ ಮೃದಂಗದವರ ಮುಖ ಸಣ್ಣದಾದದ್ದನ್ನು ನಾನು ಕಣ್ಣಾರೆ ಕಂಡೆ. ಸ್ವಲ್ಪ ಹೊತ್ತಿನಲ್ಲಿಯೇ ಆಬಿದ್ ಅಲಿಯ ಬೌಂಡರಿ. ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು. ಹಿಂದಿನಿಂದ ಚಪ್ಪಾಳೆ ಎದ್ದಿತು. ಗಾಯಕರು ಆ ಚಪ್ಪಾಳೆ ತಮಗೇ ಎಂದು ಭಾವಿಸಿ ಕೈಮುಗಿದರು. ಯಾರೂ ತಿದ್ದಲು ಹೋಗಲಿಲ್ಲ, ಏಕೆಂದರೆ ಅವರು ನಿಜವಾಗಿಯೂ ಚೆನ್ನಾಗಿ ಹಾಡಿದ್ದರು.

ಈಗ 1974. ಮೈಸೂರು ರಾಜ್ಯ ಕರ್ನಾಟಕವಾಗಿ ಆರು ತಿಂಗಳೂ ತುಂಬಿರಲಿಲ್ಲ. ರಣಜಿ ಟ್ರೋಫಿ ಎಂದರೆ ಮುಂಬಯಿಯವರ ಮನೆಯ ಪಾತ್ರೆ ಎಂದು ಎಲ್ಲರೂ ಒಪ್ಪಿಕೊಂಡಿದ್ದ ಕಾಲ. 1958-59ರಿಂದ ಸತತ ಹದಿನೈದು ವರ್ಷ ಅವರೇ ಗೆದ್ದಿದ್ದರು. ಮೈಸೂರು ಅದಕ್ಕೂ ಮುನ್ನ ಎರಡು ಬಾರಿ, 1941-42ರಲ್ಲಿ ಮತ್ತು 1959-60ರಲ್ಲಿ, ಅಂತಿಮ ಪಂದ್ಯದಲ್ಲಿ ಅವರಿಗೇ ಸೋತಿತ್ತು. ಮಾರ್ಚ್ ತಿಂಗಳ ಆ ಸೆಮಿಫೈನಲ್ಲಿಗೆ ನಾನು "ತುರ್ತು ಗೃಹಕೃತ್ಯ" ಎಂದು ರಜಾ ಅರ್ಜಿ ಬರೆದು ರಾತ್ರಿ ರೈಲಿಗೆ ಬೆಂಗಳೂರಿಗೆ ಹೊರಟೆ. ಹುಬ್ಬಳ್ಳಿಯಿಂದ ಮಾವ ಅದೇ ರೈಲಿನಲ್ಲಿ ಬಂದಿದ್ದರು. ಇಂದು ಚಿನ್ನಸ್ವಾಮಿ ಕ್ರೀಡಾಂಗಣವೆಂದು ಕರೆಯುವ ಆ ಮೈದಾನದ ಕಟ್ಟಡ ಆಗ ಇನ್ನೂ ಪೂರ್ತಿಯಾಗಿರಲಿಲ್ಲ.

ವಿಶ್ವನಾಥ್ 162. ಬ್ರಿಜೇಶ್ ಪಟೇಲ್ 106. ಕರ್ನಾಟಕ 385. ವಿಶ್ವನಾಥರು ಆರಂಭದಲ್ಲಿಯೇ ಎಲ್‌ಬಿಡಬ್ಲ್ಯು ಆಗಿದ್ದರು, ಅಂಪೈರ್ ಕೊಡಲಿಲ್ಲ ಎಂದು ಮುಂಬಯಿಯವರು ಹೇಳುತ್ತ ಬಂದಿದ್ದಾರೆ. ಹೇಳಲಿ, ಸೋತವರಿಗೆ ಅಷ್ಟಾದರೂ ಇರಬೇಕು. ಅನಂತರ ಗಾವಸ್ಕರರಿಗೆ ಪ್ರಸನ್ನರು ಹಾಕಿದ ಆ ಚೆಂಡು. ಎತ್ತರಕ್ಕೆ ಹೋಗಿ, ಗಾಳಿಯಲ್ಲಿ ಒಂದು ಕ್ಷಣ ಯೋಚನೆ ಮಾಡುವಂತೆ ನಿಂತು, ಅವರು ನಿರೀಕ್ಷಿಸಿದ್ದಕ್ಕಿಂತ ಒಂದು ಗೇಣು ಮೊದಲೇ ಇಳಿಯಿತು. ಬೌಲ್ಡ್. ಮೈದಾನವೆಲ್ಲ ಕುಣಿಯುತ್ತಿರುವಾಗ ಮಾವ ಕುಳಿತಲ್ಲಿಯೇ ಕಣ್ಣುಮುಚ್ಚಿ ಕೈಯಿಂದ ತೊಡೆ ತಟ್ಟಿದರು. ಮನ್ಸೂರರು ತಾನನ್ನು ಎಲ್ಲಿಂದಲೋ ಎತ್ತಿ, ತಪ್ಪಿಯೇ ಹೋಯಿತೆಂದು ನಾವು ಉಸಿರು ಹಿಡಿದಿರುವಾಗ ಸಮಕ್ಕೆ ತಂದು ಇಳಿಸಿದರೆ ಅವರು ಹಾಗೆಯೇ ತೊಡೆ ತಟ್ಟುತ್ತಿದ್ದರು. ಅಜಿತ್ ವಾಡೇಕರ್ 62 ಓಟ ಗಳಿಸಿ ಅಚಲವಾಗಿ ನಿಂತಿದ್ದವರು ಓಡುವಾಗ ಕಾಲು ಜಾರಿ ರನ್ ಔಟಾದರು. ಮುಂಬಯಿ 307ಕ್ಕೆ ಮುಗಿಯಿತು. ಮೊದಲ ಸರದಿಯ ಮುನ್ನಡೆ 78, ಅಷ್ಟು ಸಾಕಾಯಿತು. ಮುಂದೆ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಪ್ರಸನ್ನರ ತಂಡ ಟ್ರೋಫಿಯನ್ನು ತಂದಿತು. ಆದರೆ ನಮ್ಮ ತಲೆಮಾರಿನವರಿಗೆ ಟ್ರೋಫಿ ಗೆದ್ದದ್ದು ಬೆಂಗಳೂರಿನಲ್ಲಿಯೇ. ನೋಟುಪುಸ್ತಕದ ಆ ಪುಟದ ಅಂಚಿನಲ್ಲಿ ಮಾವನವರ ಅಕ್ಷರದಲ್ಲಿ ಎರಡೇ ಪದಗಳಿವೆ: "ಸಮ ಬಿತ್ತು."

ಗೆಲುವಿನ ಪುಟಗಳಿಗಿಂತ ಸೋಲಿನ ಪುಟಗಳಲ್ಲಿ ನನ್ನ ಅಕ್ಷರ ದುಂಡಗಿದೆ, ಏಕೋ ತಿಳಿಯದು. 1982ರಲ್ಲಿ ದೆಹಲಿಯಲ್ಲಿ ಕರ್ನಾಟಕ 705 ಓಟ ಗಳಿಸಿ ರಣಜಿ ಅಂತಿಮ ಪಂದ್ಯವನ್ನು ಸೋತಿತು. ಎಳ್ಳಷ್ಟೂ ಉತ್ಪ್ರೇಕ್ಷೆಯಿಲ್ಲ, ದೆಹಲಿಯವರು ಎಂಟು ವಿಕೆಟ್ಟಿಗೆ 707 ಮಾಡಿದರು. ಅಂದು ಶಾಲೆಯಲ್ಲಿ ನಾನು ಪಾಣಿಪತ್ತಿನ ಮೂರನೆಯ ಯುದ್ಧವನ್ನು ಪಾಠ ಮಾಡಿದೆನೆಂದೂ ಹುಡುಗಿಯೊಬ್ಬಳು "ಸರ್, ಮರಾಠರು ಸೋತದ್ದಕ್ಕೆ ನಿಮಗೆ ಅಷ್ಟು ಬೇಜಾರಾ?" ಎಂದು ಕೇಳಿದಳೆಂದೂ ಬರೆದುಕೊಂಡಿದ್ದೇನೆ. ಆಕೆ ಇದನ್ನು ಓದುತ್ತಿದ್ದರೆ ಈಗ ನಿಜ ಕಾರಣ ತಿಳಿದಿರಲಿ.

ಮುಂದಿನ ವರ್ಷ, 1983ರ ಜೂನ್ 18ರಂದು, ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆಯ ಎದುರು ಕಪಿಲ್ ದೇವ್ ಔಟಾಗದೆ 175 ಹೊಡೆದರು. ಇನ್ನೊಂದು ತುದಿಯಲ್ಲಿ ನಮ್ಮ ಸೈಯದ್ ಕಿರ್ಮಾನಿ 24 ಓಟಗಳೊಡನೆ ಬಂಡೆಯಂತೆ ನಿಂತರು. ಆ ದಿನ ಬಿಬಿಸಿಯಲ್ಲಿ ಮುಷ್ಕರವಿದ್ದುದರಿಂದ ಆ ಆಟದ ದೃಶ್ಯಮುದ್ರಣವಿಲ್ಲ. ಅನೇಕರು ಇದನ್ನು ದೊಡ್ಡ ನಷ್ಟವೆಂದು ಮರುಗುತ್ತಾರೆ. ಸಂಗೀತದವರಿಗೆ ಇದು ಹೊಸದಲ್ಲ. ನಾಡಿಗೇರ ವಾಡೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ನಡೆದದ್ದಕ್ಕೆ ಯಾವ ಮುದ್ರಣವಿದೆ? ಕೇಳಿದವರ ಬಾಯಲ್ಲಿ ಉಳಿದದ್ದೇ ಉಳಿದದ್ದು. ಅದರಲ್ಲಿ ಒಂದಕ್ಕೆರಡು ಸೇರಿಕೊಂಡಿರುತ್ತದೆ ಎನ್ನುವಿರಾ? ಸೇರಿಕೊಂಡಿರುತ್ತದೆ. ಇತಿಹಾಸದ ವಿದ್ಯಾರ್ಥಿ ಅದನ್ನು ಸೋಸಿಕೊಳ್ಳಬೇಕು. ಸೋಸುವುದಕ್ಕಾದರೂ ಯಾರೋ ಹೇಳಿದ್ದಿರಬೇಕಲ್ಲ.

ಮಾವನವರು 1991ರಲ್ಲಿ ತೀರಿಕೊಂಡರು. ಮರುವರ್ಷ ಜನವರಿಯಲ್ಲಿ ಕುಮಾರ ಗಂಧರ್ವರು, ಸೆಪ್ಟೆಂಬರಿನಲ್ಲಿ ಮನ್ಸೂರರು ಹೋದರು. ಮನ್ಸೂರರ ಸುದ್ದಿ ರೇಡಿಯೋದಲ್ಲಿ ಬಂದಾಗ ನನಗೆ ಮೊದಲು ಅನ್ನಿಸಿದ್ದು, ಇದನ್ನು ಮಾವ ಕೇಳಬೇಕಾಗಿ ಬರಲಿಲ್ಲವಲ್ಲ ಎಂದು. ಆ ರಾತ್ರಿ ಅವರು ನನಗೆ ಬಿಟ್ಟುಹೋಗಿದ್ದ ಕ್ಯಾಸೆಟ್ಟುಗಳಲ್ಲಿ ಒಂದನ್ನು ಹಾಕಿ, ಅವರ ವಾದವನ್ನು ಅವರ ಪರವಾಗಿ ನಾನೇ ಮಂಡಿಸಿಕೊಂಡು ಕೇಳಿದೆ. ಅವರು ಹೇಳುತ್ತಿದ್ದುದರಲ್ಲಿ ಬಹಳಷ್ಟು ಹುರುಳಿತ್ತು. ಆದರೂ ನನ್ನ ಮತ ಭೀಮಸೇನರಿಗೇ. 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು 74 ಓಟಕ್ಕೆ ಕಬಳಿಸಿದಾಗಲೂ ಪುಟದ ಅಂಚನ್ನು ಅಭ್ಯಾಸಬಲದಿಂದ ಖಾಲಿ ಬಿಟ್ಟಿದ್ದೇನೆ.

ಇತ್ತೀಚಿನ ಪುಟಗಳಲ್ಲಿ ಒಂದನ್ನು ಕುರಿತು ಬರೆಯದಿದ್ದರೆ ಈ ಚರಿತ್ರೆ ಸುಳ್ಳಾದೀತು. 2025ರ ಜೂನ್ 3ರಂದು ಬೆಂಗಳೂರಿನ ಐಪಿಎಲ್ ತಂಡ ಹದಿನೆಂಟನೆಯ ವರ್ಷದಲ್ಲಿ ಮೊದಲ ಬಾರಿ ಗೆದ್ದಿತು. ನನಗೆ ಆ ಆಟದ ಅಬ್ಬರ ಹಿಡಿಸದು, ಆದರೆ ಮೊಮ್ಮಗನ ಪಕ್ಕದಲ್ಲಿ ಕುಳಿತು ಪೂರ್ತಿ ನೋಡಿದೆ. ಅವನ ಸಂತೋಷ ನನ್ನ 1974ರ ಸಂತೋಷಕ್ಕಿಂತ ಒಂದು ತೊಲ ಕಡಿಮೆಯಿರಲಿಲ್ಲ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಪ್ರಾಣ ಕಳೆದುಕೊಂಡರು. ಬಹುತೇಕ ಎಳೆಯರು. ಮಾವನೂ ನಾನೂ ಬುತ್ತಿ ಕಟ್ಟಿಕೊಂಡು ನಡೆದುಹೋಗಿದ್ದ ಅದೇ ಮೈದಾನದ ಬಾಗಿಲುಗಳು. ಅಂದಿನಿಂದ ಪತ್ರಿಕೆಗಳಲ್ಲಿ ಅಭಿಮಾನಿ ಎಂಬ ಪದ ಕಂಡಾಗಲೆಲ್ಲ ಅದರ ಹಿಂದೆ ಲಕ್ಷದ ಲೆಕ್ಕವಿರುವುದನ್ನು ಗಮನಿಸುತ್ತಿದ್ದೇನೆ. ಲಕ್ಷಾಂತರ ಅಭಿಮಾನಿಗಳು. ಆ ಹನ್ನೊಂದು ಜನರಲ್ಲಿ ಒಬ್ಬೊಬ್ಬರಿಗೂ ಇಷ್ಟದ ಆಟಗಾರನೊಬ್ಬನಿದ್ದಿರಬೇಕು, ಅವನ ಪರವಾಗಿ ವಾದಿಸಿ ಗೆಳೆಯರೊಡನೆ ಮಾತುಬಿಟ್ಟ ದಿನಗಳಿದ್ದಿರಬೇಕು, ಮೊಬೈಲಿನಲ್ಲಿ ಬಚ್ಚಿಟ್ಟ ಹಾಡುಗಳಿದ್ದಿರಬೇಕು. ಅದನ್ನು ಯಾರೂ ಕೇಳಿ ಬರೆದುಕೊಂಡಂತೆ ಕಾಣಲಿಲ್ಲ. ನನ್ನ ಪುಸ್ತಕದಲ್ಲಿ ಆ ದಿನಕ್ಕೆ ಸ್ಕೋರು ಬರೆದಿಲ್ಲ, ದಿನಾಂಕ ಮಾತ್ರ ಇದೆ.

ನೋಟುಪುಸ್ತಕಗಳು ಒಟ್ಟು ನಲವತ್ತೊಂದು. ಅವುಗಳಲ್ಲಿ ಮೂರನ್ನು, 1977ರ ನಡುವಿನಿಂದ 1979ರ ಕೊನೆಯವರೆಗಿನವನ್ನು, ಅಟ್ಟದ ಮೇಲೆ ಗೆದ್ದಲು ತಿಂದುಹಾಕಿದೆ. ಮೋಹನನಗರದಲ್ಲಿ ಉತ್ತರ ಪ್ರದೇಶವನ್ನು ಸೋಲಿಸಿ ಕರ್ನಾಟಕ ಎರಡನೆಯ ಬಾರಿ ರಣಜಿ ಗೆದ್ದದ್ದು ಆ ಅವಧಿಯಲ್ಲಿಯೇ. ಸ್ಕೋರು ಎಲ್ಲಿ ಬೇಕಾದರೂ ಸಿಗುತ್ತದೆ, ಅದು ಬೇಡ. ಆ ದಿನಗಳಲ್ಲಿ ನಮ್ಮ ಶಾಲೆಯ ಹಿಂದಿನ ಹೋಟೆಲಿನ ರೇಡಿಯೋದ ಮುಂದೆ ನನ್ನೊಡನೆ ನಿಂತಿದ್ದವರು ನಿಮ್ಮಲ್ಲಿ ಕೆಲವರಿದ್ದೀರಿ. ಅದೇ ವರ್ಷ ಶಾಲಾ ವಾರ್ಷಿಕೋತ್ಸವದಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಭೀಮಸೇನರ ದಾಸರ ಪದವನ್ನು ಕೈಯಾಡಿಸುವುದನ್ನೂ ಬಿಡದೆ ಅನುಕರಿಸಿ ಹಾಡಿದ್ದ. ಅವನ ಹೆಸರು ಬಾಯಿಗೆ ಬರುತ್ತಿಲ್ಲ, ರಾಗ ಮಾತ್ರ ಕಿವಿಯಲ್ಲಿದೆ. ಯಾರಿಗಾದರೂ ನೆನಪಿದ್ದರೆ ದಯವಿಟ್ಟು ಬರೆದು ತಿಳಿಸಿ; ಯಾರು ಏನೆಂದರು, ಯಾರು ಯಾರೊಡನೆ ಜಗಳವಾಡಿದರು ಎಂಬುದನ್ನೂ ಸೇರಿಸಿ. ಹೊಸದೊಂದು ನೀಲಿ ರಟ್ಟಿನ ಪುಸ್ತಕ ತಂದಿಟ್ಟುಕೊಂಡಿದ್ದೇನೆ.